ಒಮ್ಮೆ ಬಿದ್ದ ಅಮ್ಮ ಮತ್ತೆ ಬೀಳದಿರಲು ಯಾವ ವ್ಯಾಯಾಮ ಮಾಡಿಸಬೇಕು?

ಪ್ರಶ್ನೆ: ಅಮ್ಮನಿಗೆ 73 ವರ್ಷ. ಎರಡು ತಿಂಗಳ ಹಿಂದೆ ಸ್ನಾನ ಮುಗಿಸಿ ಮಣೆಯಿಂದ ಏಳುವಾಗ ಬಚ್ಚಲಲ್ಲೇ ಬಿದ್ದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ, ಸೊಂಟದ ಹತ್ತಿರ ಕಂದಿತ್ತು ಅಷ್ಟೇ. ಆದರೆ ಅವತ್ತಿನಿಂದ ತುಂಬಾ ಹೆದರಿದ್ದಾರೆ. ಗೋಡೆ ಹಿಡಿದೇ ಓಡಾಡುತ್ತಾರೆ. "ಒಬ್ಬಳೇ ಏಳಬೇಡಮ್ಮ, ಏನು ಬೇಕೋ ಕೇಳು" ಎಂದು ನಾವೆಲ್ಲ ಹೇಳಿದ್ದೇವೆ. ಬಿಪಿ, ಶುಗರ್‌ಗೆ ಮಾತ್ರೆ ನಡೆಯುತ್ತಿದೆ. ಮಂಡಿನೋವೂ ಇದೆ. ಅಪ್ಪನಿಗೆ 78. ದಿನಾ ಒಂದು ಗಂಟೆ ವಾಕಿಂಗ್ ಹೋಗುತ್ತಾರೆ. "ನನ್ನ ಜೊತೆ ವಾಕಿಂಗ್ ಬಂದರೆ ಎಲ್ಲ ಸರಿಹೋಗುತ್ತದೆ" ಎನ್ನುತ್ತಾರೆ. ಬೀಳದ ಹಾಗೆ ಮಾಡುವ ವ್ಯಾಯಾಮ ಅಂತ ಏನಾದರೂ ಇದೆಯಾ? ಈ ವಯಸ್ಸಲ್ಲಿ ಮಾಡಿಸಲು ಹೋಗಿ ಅದರಿಂದಲೇ ಬಿದ್ದುಬಿಟ್ಟರೆ? ಅವರಿಬ್ಬರೇ ತೀರ್ಥಹಳ್ಳಿ ಹತ್ತಿರದ ಊರಲ್ಲಿದ್ದಾರೆ, ನಾನು ಬೆಂಗಳೂರಲ್ಲಿ. ಮನೆಗೆಲಸಕ್ಕೆ ಬೆಳಿಗ್ಗೆ ಒಬ್ಬರು ಬಂದು ಹೋಗುತ್ತಾರೆ.

ಉತ್ತರ: ಇದೆ. 73ಕ್ಕೂ ಇದೆ, 90ಕ್ಕೂ ಇದೆ. ಆದರೆ ಅದಕ್ಕೆ ಮೊದಲು ನಿಮ್ಮ ಪತ್ರದ ಒಂದು ಮಾತನ್ನು ಎತ್ತಿಕೊಳ್ಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ. "ಒಬ್ಬಳೇ ಏಳಬೇಡಮ್ಮ" ಅಂದಿದ್ದೀರಲ್ಲ, ಅದನ್ನು ಇವತ್ತೇ ಹಿಂದಕ್ಕೆ ತೆಗೆದುಕೊಳ್ಳಿ.

ಫಿಸಿಯೊಥೆರಪಿ ಓದುವುದಕ್ಕೆ ಮುಂಚೆ, ನಾನಿನ್ನೂ ಹೈಸ್ಕೂಲಲ್ಲಿದ್ದಾಗ, ನಮ್ಮ ಅಜ್ಜಿ ಹೊಸ್ತಿಲು ಎಡವಿ ಬಿದ್ದರು. ಕೈ ಊತ ಬಿಟ್ಟರೆ ಬೇರೇನೂ ಆಗಲಿಲ್ಲ. ಆದರೆ ಮನೆಯವರೆಲ್ಲ ಸೇರಿ ಅಜ್ಜಿಯನ್ನು ಮಂಚದ ಮೇಲೆ ಕೂರಿಸಿದೆವು. ಕಾಫಿ ಅಲ್ಲಿಗೇ, ಊಟ ಅಲ್ಲಿಗೇ, ಎಲೆ ಅಡಿಕೆ ತಟ್ಟೆಯೂ ಅಲ್ಲಿಗೇ. ಪ್ರೀತಿಯಿಂದಲೇ ಮಾಡಿದ್ದು. ಬೇಸಿಗೆಯಲ್ಲಿ ಬಿದ್ದ ಅಜ್ಜಿ ದೀಪಾವಳಿ ಹೊತ್ತಿಗೆ ಹಿಡಿದುಕೊಳ್ಳದೆ ನಿಲ್ಲಲಾರದೆ ಹೋದರು. ಅವರನ್ನು ಕೂರಿಸಿದ್ದು ಬಿದ್ದ ಪೆಟ್ಟಲ್ಲ, ನಾವು. ಈಗ ವಾರಕ್ಕೆ ಒಂದಾದರೂ ಅಂಥ ಮನೆ ನೋಡುತ್ತೇನೆ. ಆಗೆಲ್ಲ ಅಜ್ಜಿ ನೆನಪಾಗುತ್ತಾರೆ.

ಕೂತರೆ ಕಾಲು ಎಷ್ಟು ಬೇಗ ಸೋಲುತ್ತದೆ ಗೊತ್ತಾ? ಅಮೆರಿಕದಲ್ಲಿ ನಡೆದ ಒಂದು ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಆರೋಗ್ಯವಾಗಿದ್ದ, ಸರಾಸರಿ 67 ವರ್ಷದ ಕೆಲವರನ್ನು 10 ದಿನ ಹಾಸಿಗೆಯಲ್ಲೇ ಇರಿಸಿದರು. ಕಾಯಿಲೆ ಇಲ್ಲ, ಊಟ ಸರಿಯಾಗಿದೆ. ಆದರೂ ಅಷ್ಟರಲ್ಲೇ ಎರಡೂ ಕಾಲು ಸೇರಿ ಹೆಚ್ಚುಕಡಿಮೆ ಒಂದು ಕೆ.ಜಿ. ಮಾಂಸಖಂಡ ಕರಗಿತ್ತು. ಬರೀ 10 ದಿನ! ನಿಮ್ಮ ಅಮ್ಮ ಹಾಸಿಗೆ ಹಿಡಿದಿಲ್ಲ, ನಿಜ. ಆದರೆ ಎರಡು ತಿಂಗಳಿಂದ ಓಡಾಟ ಅರ್ಧಕ್ಕೆ ಇಳಿದಿರಬೇಕು. ಬಿದ್ದ ಭಯಕ್ಕೆ ಕೂರುತ್ತಾರೆ. ಕೂತಿದ್ದಕ್ಕೆ ಕಾಲು ಸೋಲುತ್ತದೆ. ಕಾಲು ಸೋತಿದ್ದಕ್ಕೆ ಮತ್ತೆ ಬೀಳುತ್ತಾರೆ.

ಈಗ ಅಪ್ಪನ ವಿಷಯ. ಅವರ ವಾಕಿಂಗ್ ಒಳ್ಳೆಯದೇ. ಹೃದಯಕ್ಕೆ, ಶುಗರ್‌ಗೆ, ಮನಸ್ಸಿಗೆ ಒಳ್ಳೆಯದು. ಬಿಡಿಸಬೇಡಿ. ಆದರೆ ಬೀಳುವುದನ್ನು ತಪ್ಪಿಸಲು ವಾಕಿಂಗ್ ಒಂದೇ ಸಾಲದು. 2019ರಲ್ಲಿ, ವೈದ್ಯಕೀಯ ಸಂಶೋಧನೆಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ ಈ ವಿಷಯದ 108 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. 25 ದೇಶಗಳ 23 ಸಾವಿರಕ್ಕೂ ಜಾಸ್ತಿ ಹಿರಿಯರು ಅದರಲ್ಲಿದ್ದರು. ಎಲ್ಲ ಬಗೆಯ ವ್ಯಾಯಾಮ ಸೇರಿ ಬೀಳುವುದು 23% ಕಡಿಮೆಯಾಗಿತ್ತು. ಸಮತೋಲನದ ಅಭ್ಯಾಸ, ಕಾಲಿಗೆ ಶಕ್ತಿ ತುಂಬುವ ವ್ಯಾಯಾಮ ಎರಡನ್ನೂ ಸೇರಿಸಿ ಮಾಡಿದವರಲ್ಲಿ 34% ಕಡಿಮೆ. ವಾಕಿಂಗ್ ಒಂದನ್ನೇ ಮಾಡಿದವರು ಕಡಿಮೆ ಬೀಳುತ್ತಾರೆ ಎನ್ನಲು ಮಾತ್ರ ಗಟ್ಟಿ ಆಧಾರ ಸಿಗಲಿಲ್ಲ. ಅದಕ್ಕೂ ಹಿಂದೆ, 1997ರಲ್ಲಿ ಬ್ರಿಟನ್‌ನಿಂದ ಇನ್ನೊಂದು ವರದಿ ಬಂದಿತ್ತು. ಒಮ್ಮೆ ಕೈ ಮುರಿದುಕೊಂಡಿದ್ದ ಹೆಂಗಸರಿಗೆ ಬಿರುಸಾಗಿ ನಡೆಯಲು ಹೇಳಿದ್ದರು. ನಡೆದವರೇ ಹೆಚ್ಚು ಬಿದ್ದರು. ಹಾಗಾಗಿ ಅಮ್ಮನನ್ನು ಅಪ್ಪನ ಹಿಂದೆ ರಸ್ತೆಗೆ ಈಗಲೇ ಕಳಿಸಬೇಡಿ. ಮೊದಲು ಮನೆಯೊಳಗೆ ಕಾಲು ಗಟ್ಟಿಯಾಗಲಿ.

ವಾಕಿಂಗ್ ಯಾಕೆ ಸಾಲದು? ಯೋಚಿಸಿ ನೋಡಿ, ಹಿರಿಯರು ಬೀಳುವುದು ಯಾವಾಗ? ನೆಟ್ಟಗಿರುವ ರಸ್ತೆಯಲ್ಲಿ ಮುಂದೆ ನೋಡಿಕೊಂಡು ಹೋಗುವಾಗ ಬೀಳುವುದು ಕಡಿಮೆ. ಯಾರೋ ಕರೆದರು ಎಂದು ಥಟ್ಟನೆ ತಿರುಗುವಾಗ ಬೀಳುತ್ತಾರೆ. ಅಟ್ಟದ ಡಬ್ಬಿಗೆ ಕೈ ಚಾಚುವಾಗ, ಕೊಡ ಹಿಡಿದು ಹೊಸ್ತಿಲು ದಾಟುವಾಗ, ಪಂಚೆ ಉಡಲು ಒಂದು ಕಾಲೆತ್ತಿದಾಗ, ಕತ್ತಲಲ್ಲಿ ಬಾತ್‌ರೂಮಿಗೆ ಎದ್ದಾಗ. ಇದರಲ್ಲಿ ಯಾವುದನ್ನೂ ವಾಕಿಂಗ್ ಕಲಿಸುವುದಿಲ್ಲ. ಆಯ ತಪ್ಪಿದಾಗ ಚಕ್ಕನೆ ಕಾಲನ್ನು ಪಕ್ಕಕ್ಕಿಟ್ಟು ಸುಧಾರಿಸಿಕೊಳ್ಳುತ್ತೇವಲ್ಲ, ಅದನ್ನು ಕಲಿಯಬೇಕಾದರೆ ಸ್ವಲ್ಪ ಸ್ವಲ್ಪ ಆಯ ತಪ್ಪಿಸಿಯೇ ಕಲಿಯಬೇಕು. ಈಜು ಕಲಿಯಲು ನೀರಿಗೆ ಇಳಿಯಬೇಕಲ್ವಾ? ಹಾಗೆ.

ಅಮ್ಮ ಬಿದ್ದ ಜಾಗದ ಬಗ್ಗೆಯೂ ಸ್ವಲ್ಪ ಹೇಳುತ್ತೇನೆ, ಅದರಲ್ಲೇ ಅರ್ಧ ಉತ್ತರ ಇದೆ. ನಮ್ಮನ್ನು ನೆಟ್ಟಗೆ ನಿಲ್ಲಿಸುವುದು ಮೂರು: ಕಣ್ಣು, ಕಿವಿಯ ಒಳಗಿನ ಅಂಗ, ಅಂಗಾಲು ಮತ್ತು ಕೀಲುಗಳಿಂದ ಬರುವ ಸುದ್ದಿ. ಒಂದು ಸೋತರೆ ಉಳಿದೆರಡು ಸಂಭಾಳಿಸುತ್ತವೆ. ಶುಗರ್ ತುಂಬಾ ವರ್ಷ ಇದ್ದವರಿಗೆ ಅಂಗಾಲಿನ ಸ್ಪರ್ಶ ಮಂದವಾಗಿರುತ್ತದೆ. ಕಾಲಲ್ಲಿ ಜೋಮು ಅಥವಾ ಹತ್ತಿಯ ಮೇಲೆ ನಡೆದ ಹಾಗೆ ಅನ್ನಿಸುವುದು ಅದಕ್ಕೇ. ಅಂಥವರು ಕಣ್ಣನ್ನೇ ನಂಬಿ ನಿಂತಿರುತ್ತಾರೆ. ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿದಾಗ ಆ ಕಣ್ಣೂ ಮುಚ್ಚುತ್ತದೆ. ಕೆಳಗೆ ನೆಲ ಜಾರುತ್ತದೆ. ಅದಕ್ಕೆ ಮಲೆನಾಡಿನ ಹಂಡೆ ನೀರು ಬೇರೆ. ಸುಡುಸುಡು ನೀರು ಮೈಮೇಲೆ ಬಿದ್ದಾಗ ಚರ್ಮದ ರಕ್ತನಾಳ ಹಿಗ್ಗುತ್ತದೆ, ಬಿಪಿ ಇಳಿಯುತ್ತದೆ. ತಗ್ಗಿನ ಮಣೆಯಿಂದ ಥಟ್ಟನೆ ಎದ್ದರೆ ಇನ್ನೂ ಇಳಿಯುತ್ತದೆ. ಬಿಪಿ ಮಾತ್ರೆಯೂ ಅದರ ಜೊತೆ ಸೇರುತ್ತದೆ. ನಿಮ್ಮ ಅಮ್ಮ ಬಿದ್ದದ್ದು ಸ್ನಾನ ಮುಗಿಸಿ ಮಣೆಯಿಂದ ಏಳುವಾಗ ಅಂತ ಬರೆದಿದ್ದೀರಿ. ಬಹುಶಃ ಅವರು ಜಾರಲೇ ಇಲ್ಲ, ಕಣ್ಣು ಕತ್ತಲೆ ಬಂದು ಕುಸಿದರು. ಮೆಲ್ಲಗೆ ಕೇಳಿ ನೋಡಿ: "ಬೀಳೋ ಮುಂಚೆ ತಲೆ ಸುತ್ತಿತ್ತಾ?" ಎಷ್ಟೋ ಜನ ಇದನ್ನು ತಾವಾಗಿ ಹೇಳುವುದಿಲ್ಲ.

ಹಾಗಾಗಿ ವ್ಯಾಯಾಮ ಶುರು ಮಾಡುವ ಮೊದಲು ಒಂದು ಸಲ ಡಾಕ್ಟರ ಹತ್ತಿರ ಹೋಗಿ ಬನ್ನಿ. ಸುಮ್ನೆ ಬಿಪಿ ನೋಡಿಸಿಕೊಂಡು ಬಂದರೆ ಸಾಲದು. ಮಲಗಿಸಿ ಒಮ್ಮೆ, ಎದ್ದು ನಿಂತ ಮೇಲೆ 3 ನಿಮಿಷದೊಳಗೆ ಮತ್ತೊಮ್ಮೆ ನೋಡಲು ಕೇಳಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದೇ ಒಂದು ಕಾರಣ. ಮಾತ್ರೆಗಳ ಚೀಲವನ್ನೇ ತೆಗೆದುಕೊಂಡು ಹೋಗಿ. ನಿದ್ದೆ ಮಾತ್ರೆ, ಆತಂಕಕ್ಕೆ ಕೊಟ್ಟ ಮಾತ್ರೆ, ಮೂತ್ರ ಹೋಗಿಸುವ ಮಾತ್ರೆ, ಇವುಗಳ ಬಗ್ಗೆ ಬಾಯಿಬಿಟ್ಟು ಕೇಳಿ. ಅಪ್ಪನಿಗೆ ಪ್ರಾಸ್ಟೇಟ್‌ಗೆ ಮಾತ್ರೆ ಇದ್ದರೆ ಅದರಲ್ಲೂ ಕೆಲವು ಬಿಪಿ ಇಳಿಸುತ್ತವೆ. ಆದರೆ ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ. ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ ಮನೆಯೇ ಗಿರ್ರನೆ ತಿರುಗಿದಂತಾಗಿ ಒಂದು ನಿಮಿಷದೊಳಗೆ ನಿಲ್ಲುತ್ತದೆ ಎಂದರೆ ಅದು ಒಳಗಿವಿಯ ತೊಂದರೆ ಇರಬಹುದು. ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿ ಅದನ್ನು ಸರಿಮಾಡುತ್ತೇವೆ, ಬಹಳ ಜನಕ್ಕೆ ಒಂದೆರಡು ಸಲಕ್ಕೇ ಗುಣ ಕಾಣುತ್ತದೆ. ಕಣ್ಣಿನ ಪೊರೆ ಇದ್ದರೆ ಮುಂದೂಡಬೇಡಿ. ಸಸ್ಯಾಹಾರಿಗಳಾದರೆ ಬಿ12 ಕೂಡ ನೋಡಿಸಿ. ವಿಟಮಿನ್ ಡಿ ಮಾತ್ರ ಮೆಡಿಕಲ್ ಶಾಪಿನವರು ಕೊಟ್ಟರು ಎಂದು ದೊಡ್ಡ ಡೋಸ್ ನುಂಗಿಸಬೇಡಿ. ಆಸ್ಟ್ರೇಲಿಯಾದಲ್ಲಿ ವಯಸ್ಸಾದ ಹೆಂಗಸರಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಕೊಟ್ಟು ನೋಡಿದ್ದರು. ತೆಗೆದುಕೊಂಡವರೇ ಜಾಸ್ತಿ ಬಿದ್ದರು. 2010ರಲ್ಲಿ ಆ ವರದಿ ಬಂತು.

ಇನ್ನು ಕಾಲು ಎಷ್ಟು ಗಟ್ಟಿ ಇದೆ ಎಂದು ಮನೆಯಲ್ಲೇ ನೋಡಬಹುದು. ಕೈ ಇಲ್ಲದ, ಗಟ್ಟಿಯಾದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಅಮ್ಮ ಎರಡೂ ಕೈಯನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಂಡು ಕೂರಲಿ. 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಂದು ಎಣಿಸಿ. 70ರಿಂದ 74 ವರ್ಷದ ಹೆಂಗಸರು 10 ಸಲಕ್ಕಿಂತ ಕಡಿಮೆ ಎದ್ದರೆ ಕಾಲಿನ ಶಕ್ತಿ ವಯಸ್ಸಿಗೆ ತಕ್ಕಷ್ಟು ಇಲ್ಲ ಎಂದು ಲೆಕ್ಕ. ಅಪ್ಪನ ವಯಸ್ಸಿನ ಗಂಡಸರಿಗೆ 11. ಅಪ್ಪನನ್ನೂ ಕೂರಿಸಿ ನೋಡಿ. ದಿನಾ ವಾಕಿಂಗ್ ಹೋಗುವ ಎಷ್ಟೋ ಗಂಡಸರು ಇದರಲ್ಲಿ ಸೋಲುವುದನ್ನು ನೋಡಿದ್ದೇನೆ. ಕೈ ಊರದೆ ಒಂದು ಸಲವೂ ಏಳಲಾಗದಿದ್ದರೆ ಸೊನ್ನೆ ಎಂದೇ ಬರೆದುಕೊಳ್ಳಿ. ಮುಂದೆ ಆ ಸೊನ್ನೆ ಮೂರಾಗುವುದನ್ನು ನೋಡುವ ಸಂತೋಷ ಇದೆಯಲ್ಲ, ಅದಕ್ಕೆ ಬೆಲೆ ಕಟ್ಟಲಾಗದು.

ಸಮತೋಲನಕ್ಕೆ ಇನ್ನೊಂದು ಪರೀಕ್ಷೆ. ಅಡುಗೆಮನೆ ಕಟ್ಟೆಯ ಪಕ್ಕ ನಿಲ್ಲಿಸಿ, ನೀವು ಹತ್ತಿರವೇ ಇರಿ. ಮೊದಲು ಎರಡೂ ಪಾದ ಜೋಡಿಸಿ 10 ಸೆಕೆಂಡು. ಆಮೇಲೆ ಒಂದು ಪಾದವನ್ನು ಅರ್ಧ ಮುಂದಿಟ್ಟು 10 ಸೆಕೆಂಡು. ಮೂರನೆಯದು, ಮುಂದಿನ ಕಾಲಿನ ಹಿಮ್ಮಡಿಗೆ ಹಿಂದಿನ ಕಾಲಿನ ಬೆರಳು ತಾಗುವ ಹಾಗೆ ಒಂದೇ ಗೆರೆಯಲ್ಲಿ. ಕೊನೆಗೆ ಒಂಟಿ ಕಾಲು. ಮೂರನೆಯದರಲ್ಲಿ 10 ಸೆಕೆಂಡು ನಿಲ್ಲಲಾಗದಿದ್ದರೆ ಬೀಳುವ ಅಪಾಯ ಜಾಸ್ತಿ ಎಂದರ್ಥ. ಎಲ್ಲಿ ಸೋತರೋ ಅಲ್ಲಿಂದಲೇ ವ್ಯಾಯಾಮ ಶುರು. ಪರೀಕ್ಷೆಯೂ ಅದೇ, ಮದ್ದೂ ಅದೇ.

ಹೌದು, ಬೇರೆ ಹೊಸ ವಿದ್ಯೆ ಏನೂ ಬೇಡ. ನಾನು ಕೆಲಸ ಶುರು ಮಾಡಿದಾಗ ಚಿತ್ರ ಬರೆದ ಹಾಳೆಯಲ್ಲಿ 14 ವ್ಯಾಯಾಮ ಕೊಡುತ್ತಿದ್ದೆ. ಆ ಹಾಳೆ ಫ್ರಿಜ್ ಮೇಲೆ ಹಾಗೇ ಇರುತ್ತಿತ್ತು. ಈಗ ಮೊದಲ ವಾರ ಎರಡೇ ಎರಡು ಕೊಡುತ್ತೇನೆ. ಅವು ಅಭ್ಯಾಸವಾದ ಮೇಲೆ ಮೂರನೆಯದು.

ಮೊದಲನೆಯದು ಕುರ್ಚಿಯಿಂದ ಏಳುವುದು. ನನ್ನ ಮಟ್ಟಿಗೆ ಇದು ಎಲ್ಲದಕ್ಕೂ ತಾಯಿ. ಒಬ್ಬರಿಗೆ ಒಂದೇ ವ್ಯಾಯಾಮ ಹೇಳಬೇಕು ಎಂದರೆ ಇದನ್ನೇ ಹೇಳುತ್ತೇನೆ. ಕುರ್ಚಿಯ ತುದಿಗೆ ಬಂದು, ಪಾದಗಳನ್ನು ಮಂಡಿಗಿಂತ ಸ್ವಲ್ಪ ಒಳಗೆ ಎಳೆದುಕೊಂಡು, ಎದೆಯನ್ನು ಮುಂದಕ್ಕೆ ಬಾಗಿಸಿ ಏಳಬೇಕು. ಮೂಗು ಕಾಲ್ಬೆರಳಿನ ಮೇಲೆ ಬಂದಾಗ ಏಳುವುದು ಹಗುರ. ಕೂರುವುದು ಇನ್ನೂ ಮುಖ್ಯ. ದೊಪ್ಪೆಂದು ಬೀಳಬಾರದು. ಒಂದು, ಎರಡು, ಮೂರು ಎಂದು ಎಣಿಸುತ್ತಾ ಇಳಿಯಬೇಕು. ಆ ಇಳಿಯುವ ಹೊತ್ತಿನಲ್ಲೇ ತೊಡೆ ಜಾಸ್ತಿ ಗಟ್ಟಿಯಾಗುವುದು. ಮಂಡಿನೋವು ಇರುವುದರಿಂದ ಕುರ್ಚಿಯ ಮೇಲೆ ಎರಡು ಗಟ್ಟಿ ದಿಂಬು ಹಾಕಿ ಎತ್ತರ ಮಾಡಿ. ಮೊದಲು ಕೈ ಊರಿ ಏಳಲಿ. ಐದೈದರಂತೆ ಎರಡು ಸಲ ಸಾಕು. ಸುಲಭವಾದಾಗ ಒಂದು ದಿಂಬು ತೆಗೆಯಿರಿ, ಆಮೇಲೆ ಇನ್ನೊಂದು, ಆಮೇಲೆ ಕೈ ಬಿಡಿಸಿ. ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಡಿ. ಮಾರನೇ ದಿನ ಬೆಳಿಗ್ಗೆಗೂ ನೋವು ಉಳಿದರೆ ಅಥವಾ ಮಂಡಿ ಊದಿದರೆ ಅಂದು ಕಡಿಮೆ ಮಾಡಿ, ಪೂರ್ತಿ ಬಿಡಬೇಡಿ. ತೊಡೆ ಗಟ್ಟಿಯಾದಷ್ಟೂ ಮಂಡಿಗೆ ಹಿತ.

"ಇಷ್ಟು ವಯಸ್ಸಾದ ಮೇಲೆ ಎಲ್ಲಿ ಶಕ್ತಿ ಬರುತ್ತದೆ?" ಎಂದು ಅಮ್ಮ ಕೇಳಿದರೆ ಒಂದು ವಿಷಯ ಹೇಳಿ. 1990ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ, ಆರೈಕೆ ಕೇಂದ್ರದಲ್ಲಿದ್ದ ಸರಾಸರಿ 90 ವರ್ಷದ ಹತ್ತು ಜನರಿಗೆ 8 ವಾರ ಕಾಲಲ್ಲಿ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ತೊಡೆಯ ಶಕ್ತಿ ಸರಾಸರಿ 174% ಏರಿತು. 90 ವರ್ಷದ ಕಾಲು ಕಲಿಯಿತು. ನಿಮ್ಮ ಅಮ್ಮನ ಕಾಲು ಅದಕ್ಕಿಂತ 17 ವರ್ಷ ಚಿಕ್ಕದು.

ಎರಡನೆಯದು ಕಟ್ಟೆ ಹಿಡಿದು ನಿಲ್ಲುವುದು. ಅಡುಗೆಮನೆ ಕಟ್ಟೆಗಿಂತ ಒಳ್ಳೆಯ ವ್ಯಾಯಾಮಶಾಲೆ ನಾನು ನೋಡಿಲ್ಲ. ಅಲುಗಾಡುವುದಿಲ್ಲ, ಸೊಂಟದ ಎತ್ತರಕ್ಕೆ ಇರುತ್ತದೆ, ಹಾಲು ಉಕ್ಕುವವರೆಗೆ ಅಲ್ಲೇ ನಿಲ್ಲಬೇಕಲ್ವಾ? ಆದರೆ ಹಾಲು ಕಾಯುವ ಹೊತ್ತಿಗೇ ವ್ಯಾಯಾಮ ಬೇಡ, ಒಲೆ ಆರಿಸಿದ ಮೇಲೆ ಮಾಡಲಿ. ಎರಡೂ ಕೈಯಲ್ಲಿ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು ಹತ್ತು ಸಲ. ಹಿಮ್ಮಡಿ ಊರಿ ಪಾದದ ಮುಂಭಾಗ ಎತ್ತುವುದು ಹತ್ತು ಸಲ. ಈ ಎರಡನೆಯದನ್ನು ಜನ ಅಲಕ್ಷ್ಯ ಮಾಡುತ್ತಾರೆ. ಪಾದದ ಮುಂಭಾಗ ಏಳದೆ ಇರುವುದಕ್ಕೇ ಹೊಸ್ತಿಲು, ಕಾಲೊರಸು ಎಡವುವುದು. ಆಮೇಲೆ ಒಂದೊಂದೇ ಕಾಲನ್ನು ಪಕ್ಕಕ್ಕೆ ಎತ್ತುವುದು, ಮೈ ವಾಲಿಸದೆ. ಕಟ್ಟೆ ಹಿಡಿದು ಏಡಿಯಂತೆ ಅಡ್ಡಡ್ಡ ಹೆಜ್ಜೆ ಇಡುತ್ತಾ ಆ ತುದಿಗೆ ಹೋಗಿ ಈ ತುದಿಗೆ ಬರುವುದು. ಸೊಂಟ ಮುರಿಯುವುದು ಹೆಚ್ಚಾಗಿ ಪಕ್ಕಕ್ಕೆ ಬಿದ್ದಾಗ. ಪಕ್ಕಕ್ಕೆ ಕಾಲಿಟ್ಟು ತಡೆಯುವ ಶಕ್ತಿ ಬರುವುದು ಈ ಅಡ್ಡ ಹೆಜ್ಜೆಯಿಂದ.

ಅಲ್ಲೇ ನಿಂತು ಆ ನಾಲ್ಕು ನಿಲುವುಗಳ ಅಭ್ಯಾಸ. ಇಲ್ಲಿ ಒಂದು ಗುಟ್ಟಿದೆ, ಇದು ತಿಳಿಯದೆ ಎಷ್ಟೋ ಜನ ತಿಂಗಳುಗಟ್ಟಲೆ ಮಾಡಿಯೂ ಫಲ ಕಾಣುವುದಿಲ್ಲ. ಕಟ್ಟೆಯನ್ನು ಗಟ್ಟಿಯಾಗಿ ಹಿಡಿದು ಒಂದು ಗಂಟೆ ನಿಂತರೂ ಸಮತೋಲನ ಬೆಳೆಯುವುದಿಲ್ಲ. ಎರಡು ಕೈಯಿಂದ ಒಂದು ಕೈಗೆ ಬರಬೇಕು. ಒಂದು ಕೈಯಿಂದ ಎರಡು ಬೆರಳಿಗೆ. ಎರಡು ಬೆರಳಿನಿಂದ ಒಂದು ಬೆರಳಿಗೆ. ಆಮೇಲೆ ಕೈಯನ್ನು ಕಟ್ಟೆಯ ಮೇಲೆ ಒಂದು ಗೇಣು ಎತ್ತರದಲ್ಲಿ ಸುಮ್ನೆ ಇಟ್ಟುಕೊಂಡಿರುವುದು. ಪಾದ ಸಣ್ಣಗೆ ಅದುರಬೇಕು, ಹಿಮ್ಮಡಿಯ ಸುತ್ತ ಸ್ನಾಯು ಮಿಡಿಯಬೇಕು. ಆ ಅದುರುವಿಕೆಯೇ ಕಲಿಕೆ. ಅಮ್ಮನಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಹೆದರಿ ಬಿಟ್ಟುಬಿಡುತ್ತಾರೆ. ಅದುರದೇ ಇದ್ದರೆ ಅದು ಸುಲಭವಾಯಿತು ಎಂದರ್ಥ, ಮುಂದಿನ ನಿಲುವಿಗೆ ಹೋಗಿ.

ನಿಲ್ಲುವುದು ಬಂದ ಮೇಲೆ ನಡೆಯುವುದು. ದೇವಸ್ಥಾನದಲ್ಲಿ ಹೆಜ್ಜೆ ನಮಸ್ಕಾರ ಹಾಕುವುದನ್ನು ಅಮ್ಮ ನೋಡಿರುತ್ತಾರೆ, ಹಾಕಿಯೂ ಇರಬಹುದು. ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸುತ್ತಾ ಪ್ರದಕ್ಷಿಣೆ ಬರುವುದು. ಸಮತೋಲನಕ್ಕೆ ಜಗತ್ತಿನ ಎಲ್ಲ ಕಡೆ ಫಿಸಿಯೊಥೆರಪಿಸ್ಟ್‌ಗಳು ಮಾಡಿಸುವುದು ಇದೇ ನಡಿಗೆ. "ಟ್ಯಾಂಡೆಮ್ ವಾಕ್ ಮಾಡಿ" ಎಂದರೆ ಯಾರಿಗೂ ಅರ್ಥವಾಗದು. "ಗೋಡೆ ಪಕ್ಕ ಹತ್ತು ಹೆಜ್ಜೆ ನಮಸ್ಕಾರ ಹಾಕಿ" ಅಂದ ಕೂಡಲೇ ನಮ್ಮ ಅಜ್ಜಿಯರ ಮುಖ ಅರಳುತ್ತದೆ. ಮನೆಯ ಪಡಸಾಲೆಯಲ್ಲಿ ಗೋಡೆಯ ಪಕ್ಕ ಮಾಡಲಿ, ಬೆರಳು ಗೋಡೆಗೆ ತಾಗಿರಲಿ. ಮುಂದೆ ಹಿಮ್ಮುಖವಾಗಿ ನಾಲ್ಕು ಹೆಜ್ಜೆ. ಆಮೇಲೆ ನೆಲದ ಮೇಲೆ ಎರಡು ಚೊಂಬು ಇಟ್ಟು ಅವುಗಳ ಸುತ್ತ ಕನ್ನಡದ ಎಂಟರಂತೆ ಅಲ್ಲ, ಇಂಗ್ಲಿಷ್ ಎಂಟರಂತೆ ತಿರುಗಿ ಬರುವುದು. ತಿರುಗುವಾಗ ಒಂದೇ ಕಾಲಿನ ಮೇಲೆ ಗಿರಕಿ ಹೊಡೆಯದೆ ಸಣ್ಣ ಸಣ್ಣ ಹೆಜ್ಜೆ ಇಟ್ಟು ತಿರುಗಬೇಕು. ಇದೆಲ್ಲ ಚೆನ್ನಾಗಿ ಬಂದಮೇಲೆ, ನಡೆಯುತ್ತಲೇ ಮಾತಾಡಿಸಿ. ಮೊಮ್ಮಕ್ಕಳ ಹೆಸರು ಹೇಳಿಸಿ, ನೂರರಿಂದ ಮೂರು ಮೂರು ಕಳೆಯಲು ಹೇಳಿ. ಕೆಲವು ಹಿರಿಯರು ಮಾತಾಡಲು ನಿಂತುಬಿಡುತ್ತಾರೆ, ಗಮನಿಸಿದ್ದೀರಾ? ಅವರಿಗೆ ನಡೆಯುವುದಕ್ಕೇ ಪೂರ್ತಿ ಗಮನ ಬೇಕು ಎಂದರ್ಥ. ಅಂಥವರು ಬೀಳುವುದು ಜಾಸ್ತಿ ಎಂದು ಸ್ವೀಡನ್‌ನಲ್ಲಿ 1997ರಲ್ಲೇ ಕಂಡುಕೊಂಡಿದ್ದರು.

ಎಷ್ಟು ಹೊತ್ತು, ಎಷ್ಟು ದಿನ? ಕುರ್ಚಿ ಮತ್ತು ಹಿಮ್ಮಡಿಯ ವ್ಯಾಯಾಮ ದಿನ ಬಿಟ್ಟು ದಿನ, ವಾರಕ್ಕೆ ಮೂರು ಸಲ. ನಿಲ್ಲುವುದು, ಹೆಜ್ಜೆ ನಮಸ್ಕಾರ ದಿನಾ. ಎಲ್ಲ ಸೇರಿ ವಾರಕ್ಕೆ ಮೂರು ಗಂಟೆ ತಲುಪಿದರೆ ಬಹಳ ಒಳ್ಳೆಯದು. ಗಾಬರಿಯಾಗಬೇಡಿ, ದಿನಕ್ಕೆ 25 ನಿಮಿಷ ಅಷ್ಟೇ, ಅದನ್ನೂ ಮೂರು ಭಾಗ ಮಾಡಬಹುದು. ಬೆಳಿಗ್ಗೆ ಕಾಫಿಯಾದ ಮೇಲೆ ಒಂದಿಷ್ಟು, ಸಂಜೆ ದೀಪ ಹಚ್ಚುವ ಮೊದಲು ಒಂದಿಷ್ಟು, ಟಿವಿಯಲ್ಲಿ ಜಾಹೀರಾತು ಬಂದಾಗ ಕುರ್ಚಿಯಿಂದ ಐದು ಸಲ ಏಳುವುದು. ಆರೆಂಟು ವಾರಕ್ಕೆ ಏಳುವುದು ಹಗುರವಾಗಿದೆ ಎಂದು ಅವರಿಗೇ ಗೊತ್ತಾಗುತ್ತದೆ. ಬೀಳುವುದು ಕಡಿಮೆಯಾಗಲು ಆರು ತಿಂಗಳಾದರೂ ಬಿಡದೆ ಮಾಡಬೇಕು. ನಿಲ್ಲಿಸಿದರೆ ಗಳಿಸಿದ್ದು ಮೆಲ್ಲಗೆ ಕರಗುತ್ತದೆ. ನ್ಯೂಜಿಲೆಂಡ್‌ನ ಒಟಾಗೊ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ಹೀಗೆಯೇ ಮನೆಯಲ್ಲಿ ಮಾಡುವ ಕ್ರಮವೊಂದನ್ನು ರೂಪಿಸಿದರು. ಕಾಲಿಗೆ ಶಕ್ತಿ, ಸಮತೋಲನ, ಜೊತೆಗೆ ಸ್ವಲ್ಪ ನಡಿಗೆ. ಮೊದಲು ಮಾಡಿಸಿ ನೋಡಿದ್ದೇ 80 ದಾಟಿದ ಹೆಂಗಸರಿಗೆ. ಅವರ ಅಧ್ಯಯನಗಳಲ್ಲಿ ಒಟ್ಟಾರೆ ಬೀಳುವುದು 35% ಕಡಿಮೆಯಾಯಿತು. ನಾನು ಮೇಲೆ ಹೇಳಿದ ಬಹುಪಾಲು ಅದೇ ದಾರಿ.

ವ್ಯಾಯಾಮ ಮಾಡುವಾಗಲೇ ಬಿದ್ದರೆ ಎಂದು ಕೇಳಿದ್ದೀರಿ. ನ್ಯಾಯವಾದ ಭಯ. ಈ ಅಧ್ಯಯನಗಳಲ್ಲಿ ವ್ಯಾಯಾಮದಿಂದಾದ ತೊಂದರೆ ಹೆಚ್ಚಾಗಿ ಮೈಕೈ ನೋವಿನಂಥ ಸಣ್ಣದು. ಆದರೂ ಜಾಗ್ರತೆ ಬೇಕು. ಮುಂದೆ ಕಟ್ಟೆ, ಹಿಂದೆ ಕುರ್ಚಿ ಇರುವ ಮೂಲೆಯಲ್ಲಿ ಮಾಡಿದರೆ ಬೀಳಲು ಜಾಗವೇ ಇರುವುದಿಲ್ಲ. ಮೊದಲ ತಿಂಗಳು ಅಪ್ಪ ಪಕ್ಕದಲ್ಲಿರಲಿ. ಎದುರು ನಿಂತು ಎರಡೂ ಕೈ ಹಿಡಿದು ಎಳೆಯಬಾರದು, ಹಾಗೆ ಮಾಡಿದರೆ ಇಬ್ಬರೂ ಬೀಳುತ್ತಾರೆ. ಪಕ್ಕದಲ್ಲಿ, ಅರ್ಧ ಹೆಜ್ಜೆ ಹಿಂದೆ ನಿಲ್ಲಬೇಕು. ಶುಗರ್ ಮಾತ್ರೆ ನುಂಗಿ ತಿಂಡಿ ತಿನ್ನದೆ ಮಾಡಬಾರದು. ಸ್ನಾನ ಮುಗಿದ ಕೂಡಲೇ ಬೇಡ. ಸೀರೆ ನೆರಿಗೆ ಅಥವಾ ನೈಟಿಯ ಅಂಚು ಪಾದಕ್ಕಿಂತ ಮೇಲಿರಲಿ. ಹವಾಯಿ ಚಪ್ಪಲಿ, ಬರೀ ಕಾಲುಚೀಲ ಎರಡೂ ಬೇಡ. ಹಿಂದೆ ಪಟ್ಟಿ ಇರುವ ಚಪ್ಪಲಿ ಆಗಬಹುದು. ಎದೆನೋವು, ತಲೆಸುತ್ತು, ಉಸಿರು ಕಟ್ಟಿದಂತಾದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರಿಗೆ ಹೇಳಿ. ಪಾರ್ಶ್ವವಾಯು ಆಗಿದ್ದರೆ, ಪಾರ್ಕಿನ್ಸನ್ ಇದ್ದರೆ, ವರ್ಷದಲ್ಲಿ ಎರಡು ಮೂರು ಸಲ ಬಿದ್ದಿದ್ದರೆ ಈ ಪತ್ರ ನೋಡಿ ಶುರು ಮಾಡಬಾರದು, ಫಿಸಿಯೊಥೆರಪಿಸ್ಟ್ ಎದುರಿಗಿದ್ದು ಮಾಡಿಸಬೇಕು. ಶಿವಮೊಗ್ಗದಲ್ಲಾದರೂ ಒಮ್ಮೆ ತೋರಿಸಿ, ಅಳತೆ ಹಾಕಿಸಿಕೊಂಡು ಬಂದರೆ ನಿಮಗೂ ಧೈರ್ಯ.

ಊಟದ್ದು ಒಂದು ಮಾತು. ಗಂಜಿ, ಅನ್ನ, ಮಜ್ಜಿಗೆಯಲ್ಲೇ ದಿನ ಕಳೆಯುವವರಿಗೆ ವ್ಯಾಯಾಮದಿಂದ ಸ್ನಾಯು ಬೆಳೆಯುವುದು ಕಷ್ಟ. ಕಿಡ್ನಿ ತೊಂದರೆ ಇಲ್ಲದಿದ್ದರೆ ಮೈತೂಕದ ಒಂದು ಕೆ.ಜಿ.ಗೆ ದಿನಕ್ಕೆ ಒಂದು ಗ್ರಾಮ್‌ಗಿಂತ ಸ್ವಲ್ಪ ಜಾಸ್ತಿ ಪ್ರೋಟೀನ್ ಬೇಕು. ಮೊಳಕೆ ಹೆಸರುಕಾಳಿನ ಪಲ್ಯ, ದಪ್ಪ ತೊವ್ವೆ, ಹುರಿಗಡಲೆ, ಹಾಲು, ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು. ಮೂರು ಹೊತ್ತಿಗೂ ಹಂಚಿಕೊಂಡು ತಿಂದರೆ ಒಳ್ಳೆಯದು.

ಮನೆಯಲ್ಲಿ ಈ ವಾರವೇ ಆಗಬೇಕಾದದ್ದು ಬಚ್ಚಲು. ತಗ್ಗಿನ ಮಣೆ ತೆಗೆದು ಮಂಡಿಯ ಎತ್ತರದ, ಕಾಲಿಗೆ ರಬ್ಬರ್ ಇರುವ ಸ್ಟೂಲ್ ಇಡಿ. ಗೋಡೆಗೆ ಸ್ಟೀಲಿನ ಹಿಡಿಕೆ ಹಾಕಿಸಿ. ಟವೆಲ್ ಹಾಕುವ ಸರಳು, ನಲ್ಲಿ ಇವು ಮೈಭಾರ ತಡೆಯುವುದಿಲ್ಲ, ಅದನ್ನು ಹಿಡಿದೇ ಎಷ್ಟೋ ಜನ ಬಿದ್ದಿದ್ದಾರೆ. ನೀರು ಬೆಚ್ಚಗಿರಲಿ, ಸುಡುವುದು ಬೇಡ. ಎಣ್ಣೆ ಸ್ನಾನದ ದಿನ ಅಂಗಾಲಿಗೆ ಎಣ್ಣೆ ಹಚ್ಚಬೇಡಿ. ಮೈ ಒರೆಸಿಕೊಂಡ ಮೇಲೆ ಕೂತಲ್ಲೇ ಹತ್ತು ಸಲ ಪಾದ ಮೇಲೆ ಕೆಳಗೆ ಆಡಿಸಿ, ಆಮೇಲೆ ಹಿಡಿಕೆ ಹಿಡಿದು ಏಳಲಿ. ರಾತ್ರಿ ಹಾಸಿಗೆಯಿಂದ ಏಳುವಾಗಲೂ ಹಾಗೇ. ನಿಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗುವುದು ಮಾಮೂಲು, ದಿಂಬಿನ ಪಕ್ಕ ಟಾರ್ಚ್ ಇರಲಿ. ಅಂಗಳದ ಪಾಚಿಗೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಸಿ. ಬಾಗಿಲ ಬಳಿ ಮಡಚಿಕೊಳ್ಳುವ ಹಳೇ ಸೀರೆಯ ಕಾಲೊರಸು ಇದ್ದರೆ ಇವತ್ತೇ ತೆಗೆದುಹಾಕಿ.

ಇಷ್ಟೆಲ್ಲ ಮಾಡಿದರೂ ಒಂದು ದಿನ ಬೀಳಬಹುದು. ಅದಕ್ಕೇ ನೆಲದಿಂದ ಏಳುವುದನ್ನೂ ಕಲಿಸಬೇಕು. ಬೀಳುವ ಭಯದ ಅರ್ಧ ಭಾಗ, ಬಿದ್ದರೆ ಏಳಲಾರೆ ಎಂಬ ಭಯ. ಎರಡು ತಿಂಗಳ ಅಭ್ಯಾಸವಾದ ಮೇಲೆ, ನೀವು ಊರಿಗೆ ಹೋದಾಗ, ಚಾಪೆಯ ಮೇಲೆ ಮಾಡಿಸಿ. ಮಲಗಿದಲ್ಲಿಂದ ಪಕ್ಕಕ್ಕೆ ಹೊರಳುವುದು, ಮೊಣಕೈ ಊರಿ ಕೂರುವುದು, ಅಂಬೆಗಾಲಿಗೆ ಬರುವುದು, ಹತ್ತಿರದ ಕುರ್ಚಿಯ ಮೇಲೆ ಎರಡೂ ಕೈ ಊರುವುದು, ಗಟ್ಟಿ ಇರುವ ಕಾಲನ್ನು ಮುಂದಿಟ್ಟು ಏಳುವುದು. ಮಂಡಿಯ ಕೆಳಗೆ ದಿಂಬು ಹಾಕಿ. ನಿಜವಾಗಿ ಬಿದ್ದಾಗ ಮಾತ್ರ ಕೂಡಲೇ ಎಬ್ಬಿಸಬೇಡಿ, ಕಂಕುಳಿಗೆ ಕೈಹಾಕಿ ಎಳೆಯಲೇಬೇಡಿ. ಸೊಂಟ ಅಥವಾ ತೊಡೆಸಂದಿಯಲ್ಲಿ ತಡೆಯಲಾಗದ ನೋವಿದ್ದರೆ, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದಂತೆ ಕಂಡರೆ ಅಲುಗಿಸದೆ 108ಕ್ಕೆ ಫೋನ್ ಮಾಡಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ತಲೆಗೆ ಪೆಟ್ಟು ಬಿದ್ದರೆ, ಚೆನ್ನಾಗಿದ್ದೇನೆ ಎಂದರೂ ಆಸ್ಪತ್ರೆಗೆ ಹೋಗಬೇಕು.

ಅಮ್ಮ ಒಪ್ಪುತ್ತಾರಾ? "ವ್ಯಾಯಾಮ" ಎಂದರೆ ಒಪ್ಪದೇ ಇರಬಹುದು. ಅಪ್ಪ "ನನ್ನ ಹಾಗೆ ಮಾಡು" ಎಂದರಂತೂ ಖಂಡಿತ ಇಲ್ಲ. ಇಬ್ಬರೂ ಒಟ್ಟಿಗೆ ಮಾಡಲಿ. ಅಪ್ಪನಿಗೂ ಇದು ಅಷ್ಟೇ ಬೇಕು. ಅವರ ಆ ಒಂದು ಗಂಟೆಯಲ್ಲಿ 15 ನಿಮಿಷ ಇದಕ್ಕೆ ಕೊಡಲಿ. ಅಮ್ಮನಿಗೆ ಸಣ್ಣಪುಟ್ಟ ಕೆಲಸ ವಾಪಸ್ ಕೊಡಿ. ತುಳಸಿಗೆ ನೀರು ಹಾಕುವುದು, ಬಾಳೆ ಎಲೆ ಒರೆಸುವುದು, ಮಡಚಿದ ಬಟ್ಟೆಯನ್ನು ಬೀರುವಿನಲ್ಲಿ ಇಡುವುದು. ಯಾರೂ ಕೈಯಿಂದ ಕಿತ್ತುಕೊಳ್ಳಬೇಡಿ.

ನೀವು ದೂರದಿಂದ ಮಾಡಬಹುದಾದದ್ದೂ ಇದೆ. ದಿನಾ ಫೋನ್ ಮಾಡಿದಾಗ "ಹುಷಾರಾಗಿದೀಯಾ, ಬೀಳಬೇಡ" ಅನ್ನುವ ಬದಲು "ಇವತ್ತು ಎಷ್ಟು ಸಲ ಎದ್ದೆ?" ಎಂದು ಕೇಳಿ. ಈ ಭಾನುವಾರ ವಿಡಿಯೊ ಕಾಲ್‌ನಲ್ಲಿ ಆ 30 ಸೆಕೆಂಡಿನ ಕುರ್ಚಿ ಪರೀಕ್ಷೆ ಇಬ್ಬರಿಗೂ ಮಾಡಿಸಿ. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಅಂಕಿ ಬರೆಸಿ. ನಾಲ್ಕು ವಾರ ಬಿಟ್ಟು ಮತ್ತೆ ಎಣಿಸಿ, ಅದರ ಪಕ್ಕದಲ್ಲೇ ಬರೆಸಿ.